ಕೂಡಿಸದ ಗೆರೆ

ಅಮೆರಿಕದ ಮೂಲನಿವಾಸಿಗಳಾದ ಪ್ಯೂಬ್ಲೋ ಜನರ ಒಂದು ಊರಿನಲ್ಲಿ ಅತ್ತೆ ಮಾಡಿದ ಮಣ್ಣಿನ ಗಡಿಗೆಗೆ ಸೊಸೆ ಚಿತ್ತಾರ ಬರೆಯುತ್ತಿದ್ದಳು. ಹೆರುವ ವಯಸ್ಸಿನವಳು ಗಡಿಗೆಯ ಕೊರಳಿನ ಗೆರೆಯನ್ನು ಪೂರ್ತಿ ಕೂಡಿಸಬಾರದು, ಮಗು ಬರುವ ದಾರಿಯೆಂದು ಬೆರಳಗಲ ಜಾಗ ಬಿಡಬೇಕು ಎಂಬುದು ಆ ಮನೆಯ ಪದ್ಧತಿ. ಮದುವೆಯಾಗಿ ಬಂದ ಸೊಸೆ ಹನ್ನೆರಡು ವರ್ಷ ಹಾಗೆ ಜಾಗ ಬಿಟ್ಟಿದ್ದಳು; ಮಗು ಬಂದಿರಲಿಲ್ಲ. ಬರಬರುತ್ತಾ ಆ ಖಾಲಿ ಜಾಗವೇ ಅವಳನ್ನು ಅಣಕಿಸತೊಡಗಿತ್ತು. ಇವತ್ತು ಗೆರೆಯನ್ನು ಕೂಡಿಸಿಬಿಟ್ಟಳು.

“ಅಯ್ಯೋ, ಮರೆತುಬಿಟ್ಟೆಯೇನೇ?” ಎಂದಳು ಅತ್ತೆ.

“ಮರೆತಿಲ್ಲ. ಬಂಜೆ ಬರೆಯೋ ಗಡಿಗೆಗೆ ದಾರಿ ಯಾಕತ್ತೆ? ನಿಮ್ಮ ಮಗ ಬೇರೆಯವಳನ್ನ ಕಟ್ಟಿಕೊಳ್ಳಲಿ. ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ.”

ಅತ್ತೆ ಹೆಬ್ಬೆರಳನ್ನು ಉಗುಳಿನಲ್ಲಿ ಒದ್ದೆ ಮಾಡಿಕೊಂಡು ಆ ಗೆರೆಯನ್ನು ಬೆರಳಗಲ ಒರೆಸಿದಳು.

“ಹೋಗು. ಆದರೆ ಇದನ್ನ ಮಾತ್ರ ಕೂಡಿಸಬೇಡ. ಅವನಿಗೆ ಮಕ್ಕಳಾಗೋದಿಲ್ಲ ಅಂತ ಮದುವೆಗೆ ಮುಂಚೆಯೇ ನನಗೆ ಗೊತ್ತಿತ್ತು.”