ಐದನೇ ಮಹಡಿಯ ಮೆಟ್ಟಿಲು

ಐದನೇ ಮಹಡಿಯ ಚಂದ್ರಮತಿಯವರು ಲಿಫ್ಟ್ ಹತ್ತುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅರವತ್ತಮೂರರ ವಯಸ್ಸಿನಲ್ಲೂ ದಿನಕ್ಕೆ ಎರಡು ಸಲ, ಕೈಯಲ್ಲಿ ತರಕಾರಿ ಚೀಲವಿದ್ದರೂ ಮೆಟ್ಟಿಲನ್ನೇ ಹತ್ತಿ ಇಳಿಯುತ್ತಿದ್ದರು. ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಅವರನ್ನು ನೋಡಿ ಇನ್ನೂ ಏಳು ಮನೆಯವರು ಮೆಟ್ಟಿಲು ಹಿಡಿದರು. ಲಿಫ್ಟ್ ಹಗಲೆಲ್ಲ ಖಾಲಿ ನಿಲ್ಲತೊಡಗಿತು.

ಪರಿಸರ ದಿನದಂದು ನಿವಾಸಿಗಳ ಸಂಘದವರು ಅವರಿಗೆ ಶಾಲು ಹೊದಿಸಿ ಮೈಕ್ ಮುಂದೆ ನಿಲ್ಲಿಸಿದರು.

"ಆರೋಗ್ಯಕ್ಕೂ ಒಳ್ಳೇದು, ಕರೆಂಟೂ ಉಳಿಯುತ್ತೆ. ಈ ಅಭ್ಯಾಸ ಹೇಗೆ ಬಂತು, ಹೇಳಿ ಅಮ್ಮ" ಎಂದರು ಕಾರ್ಯದರ್ಶಿ.

ಚಂದ್ರಮತಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೂರನೇ ಮಹಡಿಯ ಇಂದುಮತಿ ನನ್ನ ತಂಗಿ. ಅಮ್ಮನ ತಿಥಿಯ ಅಡುಗೆ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದೀವಿ. ಅವಳು ಒಬ್ಬಳೇ ಇರೋದು, ಹೃದಯದ ತೊಂದರೆ ಬೇರೆ. ಲಿಫ್ಟಲ್ಲಿ ಹೋದರೆ ಏನೂ ಗೊತ್ತಾಗಲ್ಲ. ಮೆಟ್ಟಿಲಲ್ಲಿ ಹೋದರೆ ಅವಳ ಮನೆಯೊಳಗೆ ಪಾತ್ರೆ ತೊಳೆಯೋ ಸದ್ದು ಕೇಳುತ್ತೆ. ಚೆನ್ನಾಗಿದ್ದಾಳೆ ಅಂದ್ಕೊಂಡು ಮೇಲೆ ಹೋಗ್ತೀನಿ."

ಎಲ್ಲರೂ ಹಿಂದಿನ ಸಾಲಿಗೆ ತಿರುಗಿ ನೋಡಿದರು. ಅಲ್ಲಿ ಕೂತಿದ್ದ ಇಂದುಮತಿ ಮೆಲ್ಲಗೆ ಎದ್ದು ನಿಂತರು.

ಕಾರ್ಯದರ್ಶಿ ಗಡಿಬಿಡಿಯಲ್ಲಿ ಮೈಕ್ ಹಿಡಿದು ಅವರ ಬಳಿಗೆ ಹೋದರು. "ನೀವೂ ಪರಿಸರದ ಬಗ್ಗೆ ಎರಡು ಮಾತು ಹೇಳ್ತೀರಾ?" ಎಂದು ಕೇಳಿಬಿಟ್ಟರು.

"ನಾನು ಬರೀ ನೀರು ದಂಡ ಮಾಡಿದವಳು" ಎಂದರು ಇಂದುಮತಿ. "ಅಕ್ಕನ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಿದ್ದೆ."