ಬೀಳದ ಪೆಟ್ಟು

“ಹೂಂ,” ಎಂದರು ಡ್ರಮ್ ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ. ಆದರೆ ನರ್ಸ್ ಸೊಸೆ ಈ ಸಲ ಅವರ ಪಾದ ಮುಟ್ಟಿರಲೇ ಇಲ್ಲ. ಅವಳ ಕೈಯಲ್ಲಿದ್ದ ಬ್ರಷ್ಷಿನ ಎಳೆಯಂಥ ನೈಲಾನ್ ದಾರ ಹೆಬ್ಬೆರಳಿನಿಂದ ಗೇಣುದ್ದ ಮೇಲೆ ಗಾಳಿಯಲ್ಲೇ ನಿಂತಿತ್ತು.

“ಕಣ್ಣು ಬಿಡಿ, ಮಾವ.”

ಬಿಟ್ಟು ನೋಡಿದ ಮೇಷ್ಟ್ರ ಮುಖ ಪೆಚ್ಚಾಯಿತು. ಸಕ್ಕರೆ ಕಾಯಿಲೆ ಇರುವವರು ಪಾದ ಪರೀಕ್ಷೆ ಮಾಡಿಸಲೇಬೇಕೆಂದು ಅವಳು ಹಟ ಹಿಡಿದಾಗ, “ಗುಂಡುಕಲ್ಲಿನ ಹಾಗಿದ್ದೀನಿ, ನನಗೇನಾಗಿದೆ?” ಎಂದು ಗೊಣಗುತ್ತಲೇ ಕಾಲು ಚಾಚಿದ್ದರು. ಕಣ್ಣು ಮುಚ್ಚಿಕೊಂಡು, ದಾರ ತಾಗಿದ್ದು ಗೊತ್ತಾದಾಗಲೆಲ್ಲ ಹೂಂ ಅನ್ನಬೇಕಿತ್ತು. ಕಣಕಾಲಿನ ಮೇಲೆ ಅವಳು ಎರಡು ಸಲ ಮುಟ್ಟಿದ್ದೇ ತಡ, ಅವಳ ಲಯ ಅವರಿಗೆ ಸಿಕ್ಕಿಬಿಟ್ಟಿತ್ತು. ಆಮೇಲೆ ಬೆರಳುಗಳಲ್ಲಿ ಏನೂ ತಿಳಿಯದಿದ್ದರೂ, ತಾಳ ಹಿಡಿದವರಂತೆ ಸರಿಯಾಗಿ ಹೂಂಗುಟ್ಟುತ್ತ ಬಂದಿದ್ದರು.

“ನಿನಗೆ ಹೇಗಮ್ಮ ಗೊತ್ತಾಯ್ತು?”

“ನಿಮ್ಮ ಹೂಂ ಒಂಚೂರೂ ಹಿಂದೆಮುಂದೆ ಆಗ್ಲಿಲ್ವಲ್ಲ! ನಿಜವಾಗ್ಲೂ ಗೊತ್ತಾಗಿ ಹೇಳೋರು ಅಷ್ಟು ಕರಾರುವಾಕ್ಕಾಗಿ ಹೇಳಲ್ಲ. ಹೆದರ್ಬೇಡಿ ಮಾವ. ನರಕ್ಕೆ ತೊಂದರೆ ಈಗಷ್ಟೇ ಶುರುವಾಗಿರೋ ಹಾಗಿದೆ. ಡಾಕ್ಟರಿಗೆ ತೋರಿಸಿ, ಸಕ್ಕರೆ ಹತೋಟೀಲಿಟ್ಟು, ದಿನಾ ಪಾದ ನೋಡ್ಕೊಂಡ್ರೆ ಕಾಲು ಉಳಿಸ್ಕೋಬಹುದು.”

ಮೇಷ್ಟ್ರು ಅವಳನ್ನೇ ನೋಡಿದರು. ಪೆಟ್ಟು ಹಾಕುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು, ಪೆಟ್ಟು ಬೀಳಬೇಕಾದ ಜಾಗದಲ್ಲಿ ಕೈ ತಡೆಯುವುದನ್ನು ಕಲಿಸುವುದೇ ಕಷ್ಟ ಎಂದು ಶಿಷ್ಯರೆದುರು ಹಲುಬುತ್ತಿದ್ದವರು ಅವರು. ಆ ವಿದ್ಯೆ ತಮ್ಮ ಮನೆಯಲ್ಲೇ ಓಡಾಡಿಕೊಂಡಿತ್ತು!

“ಭಲೇ! ಮೊದಲಿಂದ ಶುರು ಮಾಡಮ್ಮ,” ಎಂದು ಮತ್ತೆ ಕಣ್ಣು ಮುಚ್ಚಿದರು.

ದಾರ ಹೆಬ್ಬೆರಳಿಗೆ ಒತ್ತಿ ಬಾಗಿತು. ಮೇಷ್ಟ್ರು ತಾಳ ಬಿಟ್ಟು ಸುಮ್ಮನೆ ಕಾಯುತ್ತ ಕೂತರು.