ಗ್ಯಾಲರಿಯಿಂದ ಒಂದು ‘ಇಲ್ಲ’

“ವಿರೋಧ ಇರುವವರು ‘ಇಲ್ಲ’ ಎನ್ನಿ,” ಎಂದರು ಸಭಾಧ್ಯಕ್ಷರು, ಕಾಗದದಿಂದ ತಲೆಯೆತ್ತದೆ. ಶಾಸನಸಭೆ ಸೇರುವ ದಿನಗಳನ್ನು ಅರ್ಧಕ್ಕಿಳಿಸುವ ಮಸೂದೆ ಅದು. ವಿರೋಧ ಪಕ್ಷದವರು ಆಗಲೇ ಘೋಷಣೆ ಕೂಗಿ, ಸಭಾತ್ಯಾಗ ಮಾಡಿ, ಕ್ಯಾಂಟೀನು ಸೇರಿದ್ದರು.

“ಇಲ್ಲ!”

ದನಿ ಬಂದದ್ದು ಮೇಲಿನ ಪ್ರೇಕ್ಷಕರ ಗ್ಯಾಲರಿಯಿಂದ. ಶಾಸನಸಭೆಗಳ ಅಧ್ಯಯನದಲ್ಲೇ ತಲೆ ನರೆತ ರಾಜ್ಯಶಾಸ್ತ್ರದ ಪ್ರೊಫೆಸರ್ ಕಂಬಿ ಹಿಡಿದು ನಿಂತಿದ್ದರು. ಗ್ಯಾಲರಿಯಲ್ಲಿ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡಿ ಎಂದು ವಿದ್ಯಾರ್ಥಿಗಳಿಗೆ ತಾಕೀತು ಮಾಡುತ್ತಿದ್ದವರು ಅವರೇ.

“ಅದು ಕಡತಕ್ಕೆ ಹೋಗೋದು ಬೇಡ. ಅವರನ್ನ ಹೊರಗೆ ಕಳಿಸಿ. ಮಸೂದೆ ಅಂಗೀಕಾರವಾಗಿದೆ,” ಎಂದರು ಸಭಾಧ್ಯಕ್ಷರು.

ಮೆಟ್ಟಿಲಿಳಿಸುತ್ತ ಮಾರ್ಷಲ್ ಕೈಚಾಚಿದ. “ಇಷ್ಟು ವರ್ಷದಿಂದ ನೋಡ್ತಿದೀನಿ, ನೀವೇ ಹೀಗ್ ಮಾಡೋದಾ ಮೇಡಂ? ಪಾಸು ಕೊಡಿ. ಇನ್ನು ನಿಮ್ಮನ್ನ ಒಳಗೆ ಬಿಡೋ ಹಾಗಿಲ್ಲ.” ಪ್ರೊಫೆಸರ್ ಅರ್ಧ ಬರೆದಿದ್ದ ಪುಸ್ತಕ ಆ ಪಾಸನ್ನೇ ನಂಬಿಕೊಂಡಿತ್ತು. ಅವರು ಅದನ್ನು ಕೊರಳಿಂದ ತೆಗೆದು ಅವನ ಕೈಗಿಟ್ಟರು.

ಕ್ಯಾಂಟೀನಿನ ಬಾಗಿಲಲ್ಲಿ ವಿರೋಧ ಪಕ್ಷದ ನಾಯಕರು ಚಹಾ ಊದಿ ಆರಿಸುತ್ತ ನಿಂತಿದ್ದರು. “ಬನ್ನಿ ಮೇಡಂ, ಚಹಾ ಕುಡೀರಿ. ಒಳಗೆ ಏನಾಯ್ತು?”

“ಮತಕ್ಕೆ ಹಾಕಿದ್ರು ಸಾರ್,” ಎಂದರು ಪ್ರೊಫೆಸರ್. “ನಿಮ್ಮ ಕಡೆಯಿಂದ ನಾನೊಬ್ಬಳೇ ಇದ್ದೆ.”